ನಮ್ಮ ಶರತ್ಕಾಲದ ಊಟ ಹಿತ್ತಿಲಲ್ಲೇ ಇದೆ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಆರೋಗ್ಯ ಪುಟದಲ್ಲಿ ಶರತ್ಕಾಲದ ಆಹಾರದ ಬಗ್ಗೆ ಲೇಖನ ಬಂದಿತ್ತು. ಕರುಳು ಚೆನ್ನಾಗಿದ್ದರೆ ರೋಗ ತಡೆಯುವ ಶಕ್ತಿಯೂ ಚೆನ್ನಾಗಿರುತ್ತದೆ ಎಂದು ಬರೆದದ್ದು ಸರಿ. ಆದರೆ ತಿನ್ನಲು ಹೇಳಿದ್ದು ಸೇಬು, ಓಟ್ಸ್, ಬ್ರೊಕೊಲಿ. ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದ ನಮ್ಮ ಮನೆಯಲ್ಲಿ ಇವು ಯಾವುದೂ ಬೆಳೆಯುವುದಿಲ್ಲ. ಓದಿ ನನಗೆ ಬೇಸರವಾಯಿತು. ಈ ಕಾಲಕ್ಕೆ ಬೇಕಾದದ್ದೆಲ್ಲ ನಮ್ಮ ಅಂಗಳದ ಬದಿಯಲ್ಲೇ ಇದೆಯಲ್ವಾ?

ಈಗ ತುಲಾ ತಿಂಗಳು, ಅಂದರೆ ಅಕ್ಟೋಬರ್-ನವೆಂಬರ್ ಹೊತ್ತು. ಬೆಳಗ್ಗೆ ಚುರುಗುಟ್ಟುವ ಬಿಸಿಲು, ಸಂಜೆ ಗುಡುಗು, ಮಳೆ. ಹಿರಿಯರು ಇದನ್ನು ಪಿತ್ತದ ಕಾಲ ಎನ್ನುತ್ತಿದ್ದರು. ಮಳೆಗಾಲದಲ್ಲಿ ಸೇರಿಕೊಂಡ ಪಿತ್ತ ಶರತ್ಕಾಲದ ಬಿಸಿಲಿಗೆ ಕೆರಳುತ್ತದೆ ಎಂದು ಆಯುರ್ವೇದವೂ ಹೇಳುತ್ತದೆ. ಅದಕ್ಕೇ ಕಹಿ, ಒಗರು, ಸಿಹಿ ಇರಲಿ, ಮೊಸರು, ಎಣ್ಣೆ ಕಮ್ಮಿಯಾಗಲಿ ಎಂಬ ಕ್ರಮ. ಹಳೆ ಅಕ್ಕಿ, ಹೆಸರುಕಾಳು, ಪಡುವಲಕಾಯಿ, ನೆಲ್ಲಿಕಾಯಿ ಈ ಕಾಲಕ್ಕೆ ಹೇಳಿದವು. ನನ್ನ ಅತ್ತೆ ಶಾಸ್ತ್ರ ಓದಿದವರಲ್ಲ. ಆದರೂ ಹೊಸ ಅಕ್ಕಿ ಊಟದ ದಿನ ಹೊಸತನ್ನು ಒಂದು ಹಿಡಿ ಪಾಯಸಕ್ಕೆ ಹಾಕಿ, ಮರುದಿನದಿಂದ ಹಳೆ ಕುಚ್ಚಲಕ್ಕಿಯ ಗಂಜಿಯನ್ನೇ ಬೇಯಿಸುತ್ತಿದ್ದರು. "ಹೊಸತು ಜಡ, ಈಗ ಹೊಟ್ಟೆ ತಡೆಯುವುದಿಲ್ಲ" ಎನ್ನುತ್ತಿದ್ದರು.

ಹೋದ ವರ್ಷ ಇದೇ ಹೊತ್ತಿಗೆ ನನ್ನ ಮೊಮ್ಮಗನಿಗೆ ಜ್ವರ ಬಂತು. ಐದು ದಿನ ಆಂಟಿಬಯೋಟಿಕ್ ಕೊಟ್ಟೆವು. ಜ್ವರ ಬಿಟ್ಟಿತು, ಭೇದಿ ಹಿಡಿಯಿತು. ಮಗು ಸೊರಗಿ ಕಡ್ಡಿಯಾದ. ತಿರುಗಿ ಡಾಕ್ಟರ ಹತ್ತಿರ ಹೋದೆವು. ಅವರು ಪರೀಕ್ಷೆ ಮಾಡಿಸಿ, ಹೆದರಬೇಡಿ ಎಂದರು. ಆ ಮದ್ದು ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ, ಅವು ಮತ್ತೆ ಬೆಳೆಯಲು ಸ್ವಲ್ಪ ದಿನ ಬೇಕು, ಒಆರ್‌ಎಸ್ ಕುಡಿಸಿ, ಗಂಜಿ, ಮಜ್ಜಿಗೆ ಕೊಡಿ ಎಂದರು.

ನಾನು ಹಿತ್ತಿಲಿಗೆ ಹೋಗಿ ಪೇರಳೆ (ಸೀಬೆ) ಮರದ ಎಳೆ ಕುಡಿ ಒಂದು ಮುಷ್ಟಿ ಚಿವುಟಿ ತಂದೆ. ಕೆಂಪು ಬಣ್ಣ ಇನ್ನೂ ಬಿಡದ ಕುಡಿಯೇ ಆಗಬೇಕು, ಬಲಿತರೆ ಒಗರು ಜಾಸ್ತಿ. ಅರ್ಧ ಚಮಚ ತುಪ್ಪದಲ್ಲಿ ಜೀರಿಗೆ, ನಾಲ್ಕು ಕಾಳುಮೆಣಸು, ಆಮೇಲೆ ಕುಡಿ ಹಾಕಿ ಬಾಡಿಸಿದೆ. ಒಂದು ಹಿಡಿ ತೆಂಗಿನತುರಿಯ ಜೊತೆ ನುಣ್ಣಗೆ ಅರೆದು, ಹುಳಿಯಿಲ್ಲದ ಮಜ್ಜಿಗೆಗೆ ಕದಡಿ, ಉಪ್ಪು ಹಾಕಿದೆ. ಇದೇ ತಂಬುಳಿ, ಇದನ್ನು ಕುದಿಸಬಾರದು. ಮೆತ್ತಗೆ ಬೆಂದ ಗಂಜಿಯ ಮೇಲೆ ಸುರಿದು ಕೊಟ್ಟೆ. ಎರಡು ದಿನದಿಂದ ಬಾಯಿ ತೆರೆಯದವನು ಬಟ್ಟಲು ಚಾಚಿ "ಅಜ್ಜಿ, ಇನ್ನು ಸ್ವಲ್ಪ" ಎಂದ. ತಂಬುಳಿಯಿಂದಲೇ ಗುಣವಾಯಿತು ಎಂದು ನಾನು ಹೇಳುವುದಿಲ್ಲ. ಮಗುವಿಗೆ ಅನ್ನ ಸೇರಲು ಶುರುವಾದದ್ದು ಅದರಿಂದ.

ನಮ್ಮ ತಂಗಳನ್ನವೂ ಕರುಳಿಗೆ ಒಳ್ಳೆಯದೇ. ಬೆಂದ ಅನ್ನ ತಣಿದಾಗ ಅದರ ಪಿಷ್ಟದಲ್ಲಿ ಒಂದು ಪಾಲು ಬೇಗ ಜೀರ್ಣವಾಗದ ಹಾಗೆ ಬದಲಾಗುತ್ತದೆ. ಅದು ದೊಡ್ಡ ಕರುಳಿನವರೆಗೆ ಹೋಗಿ ಅಲ್ಲಿನ ಒಳ್ಳೆಯ ಬ್ಯಾಕ್ಟೀರಿಯಾಕ್ಕೆ ಊಟವಾಗುತ್ತದೆ. ರಾತ್ರಿಯ ಅನ್ನಕ್ಕೆ ಕುದಿಸಿ ಆರಿಸಿದ ನೀರು ಹಾಕಿಟ್ಟು, ಬೆಳಗ್ಗೆ ಮಜ್ಜಿಗೆ, ಹಸಿಮೆಣಸು, ಒಂದು ಉಪ್ಪು ನೆಲ್ಲಿಕಾಯಿಯ ಜೊತೆ ಉಣ್ಣುವುದು ಬಡವರ ಊಟ ಎಂದು ನಾವೇ ಬಿಟ್ಟೆವು. ಒಂದು ರಾತ್ರಿಗಿಂತ ಜಾಸ್ತಿ ಇಡಬಾರದು, ವಾಸನೆ ಬಂದರೆ ಚೆಲ್ಲಬೇಕು, ಅಷ್ಟೇ. ನಮ್ಮ ಯಜಮಾನರಿಗೆ ಬಿಪಿ ಇದೆ. ಅವರಿಗೆ ನೆಲ್ಲಿಕಾಯಿಯನ್ನು ನೀರಲ್ಲಿ ನೆನೆಸಿ ಉಪ್ಪು ಬಿಡಿಸಿಯೇ ಕೊಡುತ್ತೇನೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಸಲಹೆಯಂತೆ ತಟ್ಟೆಯ ಅರ್ಧದಷ್ಟು ತರಕಾರಿ, ಸೊಪ್ಪು, ಹಣ್ಣು, ಗೆಡ್ಡೆ ಇರಬೇಕು. ಈಗ ಹೀರೆ, ಪಡುವಲ, ಅಲಸಂಡೆ, ಅಂಬಟೆ, ಕೆಸುವಿನ ಗೆಡ್ಡೆ, ಬಾಳೆದಿಂಡು ಎಲ್ಲ ಇದೆ. ಅರ್ಧ ತಟ್ಟೆ ತುಂಬಿಸಲು ಪೇಟೆಗೆ ಹೋಗಬೇಕಾಗಿಲ್ಲ.

ನನಗೆ ನಿಜವಾದ ಚಿಂತೆ ಬೇರೆ. ನಾವು ಅಡುಗೆಗೆ ಕೊಯ್ಯುವ ಒಂದೆಲಗದ ಸೊಪ್ಪು ಮೊದಲು ತೋಟದ ತೋಡಿನ ಬದಿಯಲ್ಲಿ ಚಾಪೆ ಹಾಸಿದ ಹಾಗೆ ಇರುತ್ತಿತ್ತು. ಈಗ ಹುಲ್ಲು ಸಾಯುವ ಮದ್ದು ಹೊಡೆಯುತ್ತಾರೆ. ಒಂದೆಲಗವೂ ಸಾಯುತ್ತದೆ. ಉಳಿದ ಕಡೆಯದನ್ನು ಕೊಯ್ಯಲು ನನಗೆ ಧೈರ್ಯವಿಲ್ಲ. ನಮ್ಮ ಎಣ್ಮಕಜೆ ಪಂಚಾಯತಿನವರಿಗೆ ಈ ಭಯ ಹೊಸತಲ್ಲ. ಎರಡು ದಶಕಕ್ಕೂ ಜಾಸ್ತಿ ಕಾಲ, 2000ದವರೆಗೆ, ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದನ್ನು ಕಂಡವರು ನಾವು. ಆ ವಿಷದಿಂದ ನರಳಿದ ಪಡ್ರೆ ಊರಿನ ಮಕ್ಕಳನ್ನು ಕಣ್ಣಾರೆ ನೋಡಿದವರು. ಸೊಪ್ಪು ತಿನ್ನಿ ಎಂದು ಬರೆಯುವಾಗ, ಸೊಪ್ಪು ಬೆಳೆಯುವ ಜಾಗಕ್ಕೆ ವಿಷ ಹಾಕಬೇಡಿ ಎಂದೂ ಬರೆಯಬೇಕು.

ಇನ್ನೊಂದು, ಹೆಸರು. ಮೊಮ್ಮಗಳಿಗೆ ಒಂದೆಲಗ ಅಂದರೆ ಗೊತ್ತಿಲ್ಲ, ತುಳುವಿನ ತಿಮರೆಯೂ ಗೊತ್ತಿಲ್ಲ. ಶಾಲೆಯಲ್ಲಿ ಯಾರೋ ಮಲಯಾಳದಲ್ಲಿ ಮುತ್ತಿಳ್ ಎಂದದ್ದು ಕೇಳಿದ್ದಾಳೆ. ಮೂರೂ ಒಂದೇ ಗಿಡ ಎಂದು ಕೈಯಲ್ಲಿ ಹಿಡಿದು ತೋರಿಸಿದಾಗ ಅವಳ ಮುಖ ಅರಳಿತು.

ಹಾಗಾಗಿ ನನ್ನ ವಿನಂತಿ ಇಷ್ಟು. ಹದಿನೈದು ದಿನಕ್ಕೊಮ್ಮೆ ಕಾಸರಗೋಡಿನ ಹಿತ್ತಿಲಲ್ಲಿ ಆಗ ಸಿಗುವ ಒಂದು ಕಾಯಿ, ಒಂದು ಸೊಪ್ಪಿನ ಚಿತ್ರ ಹಾಕಿ. ಕನ್ನಡ, ತುಳು, ಮಲಯಾಳ ಮೂರರ ಹೆಸರೂ ಇರಲಿ. ಅಡುಗೆಯ ಕ್ರಮ ಬರೆದು ಕಳಿಸಲು ನಮ್ಮೂರ ಹೆಂಗಸರು ತಯಾರಿದ್ದಾರೆ, ನಾನು ಕೇಳಿದ್ದೇನೆ. ಗುಡ್ಡದ ನೆಲ್ಲಿ ಈಗಷ್ಟೇ ಕಾಯಿ ಬಿಡುತ್ತಿದೆ. ಅದರಿಂದಲೇ ಶುರು ಮಾಡಬಹುದು.

ನಿಮ್ಮ ಹಳೆಯ ಓದುಗಳು,
ಪೆರ್ಲ, ಕಾಸರಗೋಡು ಜಿಲ್ಲೆ