ಓಬ್ಲಿಕ್ ಮತ್ತು ಇಟಾಲಿಕ್ ಮಸೆತ: ಇನ್ನು ಹಿಡಿತ ನೋಡಿಯೇ ಆರ್ಡರ್

ಗ್ರಾಹಕ ಮಿತ್ರರೇ,

ಫೌಂಟನ್ ಪೆನ್ನಿನ ನಿಬ್ಬಿನ ತುದಿಯನ್ನು ಓರೆಯಾಗಿ ಮಸೆದರೆ ಓಬ್ಲಿಕ್; ಅಡ್ಡಗೆರೆ ತೆಳುವಾಗಿ, ಉದ್ದಗೆರೆ ದಪ್ಪವಾಗಿ ಬರುವಂತೆ ಚಪ್ಪಟೆಯಾಗಿ ಮಸೆದರೆ ಇಟಾಲಿಕ್. ಮುಂದಿನ ತಿಂಗಳಿನಿಂದ ‘ಎಡ ಓಬ್ಲಿಕ್’, ‘ಬಲ ಓಬ್ಲಿಕ್’ ಎಂದು ಚೀಟಿಯಲ್ಲಿ ಬರೆದು ಕಳಿಸಿದರಷ್ಟೇ ಸಾಲದು. ನೀವು ಪೆನ್ನು ಹಿಡಿದಿರುವ ಒಂದು ಫೋಟೊ ಮತ್ತು ಅರ್ಧ ಪುಟ ಕೈಬರಹ ಜೊತೆಗಿರಬೇಕು. ಬರೀ ‘ಇಟಾಲಿಕ್’ ಎಂದು ಕೇಳಿದವರಿಗೆ ಚೂಪು ಮೂಲೆಯ ಕ್ರಿಸ್ಪ್ ಬದಲು ಮೂಲೆ ತುಸು ಉರುಟಾದ ಕರ್ಸಿವ್ ಇಟಾಲಿಕ್ ಮಾಡಿಕೊಡುತ್ತೇವೆ. ದರ ಹಳೆಯದೇ.

ಮಸೆದುಹೋದ ಲೋಹ ಮರಳಿ ಬರುವುದಿಲ್ಲ. 0.8 ಮಿ.ಮೀ. ಅಗಲದ ತುದಿಯನ್ನು 15 ಡಿಗ್ರಿ ಓರೆ ಮಾಡಿದರೆ ಒಂದು ಬದಿಯಲ್ಲಿ 0.2 ಮಿ.ಮೀ. ಹೋಗುತ್ತದೆ. ಮೀಡಿಯಂ ನಿಬ್ಬಿನ ತುದಿಗುಂಡಿನಲ್ಲಿ (ತುದಿಗೆ ಬೆಸೆದ ಗಟ್ಟಿ ಲೋಹದ ಸಣ್ಣ ಗುಂಡು) ಅದು ಸಣ್ಣ ಪಾಲಲ್ಲ. ಓರೆ ತಪ್ಪಿದರೆ ಸರಿಪಡಿಸಲು ಗುಂಡೇ ಉಳಿದಿರುವುದಿಲ್ಲ.

ಎಡ ಓಬ್ಲಿಕ್ ಎಡಚರಿಗೆ ಎಂಬ ನಂಬಿಕೆ ಬಲವಾಗಿದೆ. ಅದು ತಪ್ಪು. ಯಾವ ಕೈಯಲ್ಲಿ ಬರೆಯುತ್ತೀರಿ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಬರೆಯುವಾಗ ಪೆನ್ನು ಬೆರಳುಗಳ ನಡುವೆ ಎತ್ತ ಹೊರಳಿರುತ್ತದೆ ಎಂಬುದೇ ಮುಖ್ಯ. ಹಿಂಬದಿಯಿಂದ ನೋಡಿದಾಗ ನಿಬ್ಬು ಎಡಕ್ಕೆ ಹೊರಳಿದ್ದರೆ ಎಡ ಎಸಳು (ನಿಬ್ಬಿನ ನಡುಸೀಳಿನ ಎಡಭಾಗ) ಕಾಗದವನ್ನು ಒತ್ತುತ್ತದೆ, ಬಲ ಎಸಳು ಎದ್ದು ನಿಲ್ಲುತ್ತದೆ. ಆಗ ತುದಿಯನ್ನು ಎಡಗಾಲ ಬೆರಳುಗಳ ಸಾಲಿನಂತೆ, ಎಡಬದಿ ಗಿಡ್ಡವಾಗುವ ಹಾಗೆ ಮಸೆದರೆ ಎರಡೂ ಎಸಳು ಸಮನಾಗಿ ಕೂರುತ್ತವೆ. ಎಡ ಓಬ್ಲಿಕ್ ಎಂದರೆ ಇದೇ. ನೇರವಾಗಿ ಹಿಡಿಯುವವರಿಗೆ ಇದೇ ನಿಬ್ಬು ಕೊಟ್ಟರೆ ಬಲ ಮೂಲೆಯೊಂದೇ ತಾಗಿ ಗೆರೆಯ ಅಂಚು ಹರಿದಂತೆ ಬರುತ್ತದೆ, ಇಲ್ಲವೇ ಶಾಯಿಯೇ ಇಳಿಯುವುದಿಲ್ಲ. ಶಾಯಿ ಬರಲೆಂದು ಒತ್ತಿ ಬರೆದರೆ ಎಸಳುಗಳು ಅಗಲಿ ನಿಬ್ಬು ಪೂರ್ತಿ ಕೆಡುತ್ತದೆ.

ನಿಮ್ಮ ಹೊರಳು ಎಷ್ಟೆಂದು ಮನೆಯಲ್ಲೇ ನೋಡಬಹುದು. ಕ್ಯಾಪ್ ತೆಗೆದು, 45 ಮಿ.ಮೀ. ಉದ್ದದ ಒಂದು ಕಡ್ಡಿಯನ್ನು ಪೆನ್ನಿನ ಹಿಂತುದಿಯ ಹತ್ತಿರ ಅಡ್ಡಲಾಗಿ ಟೇಪಿನಿಂದ ಅಂಟಿಸಿ. ಕಡ್ಡಿ ನಿಬ್ಬಿನ ಎರಡು ಭುಜಗಳಿಗೆ ಸಮಾನಾಂತರವಾಗಿರಲಿ, ಅದರ ನಡುಭಾಗ ಪೆನ್ನಿನ ಮೇಲಿರಲಿ. ನಾಲ್ಕು ಸಾಲು ಎಂದಿನಂತೆ ಬರೆಯಿರಿ. ಮೊದಲ ಸಾಲಿನಲ್ಲಿ ಕೈ ಜಾಗ್ರತೆಯಿಂದಿರುತ್ತದೆ, ಅದನ್ನು ನಂಬಬೇಡಿ. ನಾಲ್ಕನೆಯ ಸಾಲಿನ ನಡುವೆ ಕೈಯನ್ನು ಹಾಗೇ ನಿಲ್ಲಿಸಿ. ಪೆನ್ನು ಕಾಗದಕ್ಕೆ 45 ಡಿಗ್ರಿಯಲ್ಲಿದ್ದು, ಕಡ್ಡಿಯ ಎರಡು ತುದಿಗಳ ಎತ್ತರದಲ್ಲಿ 8 ಮಿ.ಮೀ. ವ್ಯತ್ಯಾಸ ಕಂಡರೆ ಹೊರಳು ಸುಮಾರು 15 ಡಿಗ್ರಿ. ಎಡ ತುದಿ ಇಳಿದಿದ್ದರೆ ಎಡ ಓಬ್ಲಿಕ್, ಬಲ ತುದಿ ಇಳಿದಿದ್ದರೆ ಬಲ. ವ್ಯತ್ಯಾಸ 4 ಮಿ.ಮೀ. ಒಳಗಿದ್ದರೆ ಓಬ್ಲಿಕ್ ಬೇಡವೇ ಬೇಡ, ನೇರ ಮಸೆತ ಸಾಕು. ಫೋಟೊವನ್ನು ಪೆನ್ನಿನ ಹಿಂದಿನಿಂದ, ಅದರ ನೇರಕ್ಕೆ, ಫೋನನ್ನು ಅತ್ತಿತ್ತ ವಾಲಿಸದೆ ತೆಗೆಸಿ.

ಇನ್ನು ಇಟಾಲಿಕ್. ಕ್ರಿಸ್ಪ್‌ನಲ್ಲಿ ತುದಿಯ ಮೂಲೆಗಳು ಚೂಪಾಗಿಯೇ ಉಳಿಯುತ್ತವೆ, ಕರ್ಸಿವ್‌ನಲ್ಲಿ ಅವನ್ನು ಸಣ್ಣ ತರಿಯ ಉಜ್ಜುಹಾಳೆಯಲ್ಲಿ ತುಸು ಉರುಟು ಮಾಡುತ್ತೇವೆ, ಸ್ಟಬ್‌ನಲ್ಲಿ ಇನ್ನೂ ಹೆಚ್ಚು. ಕನ್ನಡದ ದುಂಡಕ್ಷರಗಳಲ್ಲಿ ನಿಬ್ಬನ್ನು ಅರ್ಧ ಸುತ್ತು ಎಳೆಯುತ್ತೇವೆ, ಉಳಿದರ್ಧ ತಳ್ಳುತ್ತೇವೆ. ಠ, ರ, ಳ ಬರೆಯುವಾಗ ತಳ್ಳುವ ಕಡೆ ಚೂಪು ಮೂಲೆ ಕಾಗದಕ್ಕೆ ಚುಚ್ಚಿಕೊಂಡು ನಾರು ಎಳೆಯುತ್ತದೆ. ಆ ನಾರು ಸೀಳಿಗೆ ಸಿಕ್ಕಿ ಮುಂದಿನ ಗೆರೆಯೆಲ್ಲ ಹರಡುತ್ತದೆ. ಆಮಂತ್ರಣ, ಪ್ರಮಾಣಪತ್ರಗಳನ್ನು ನಿಧಾನವಾಗಿ ಬರೆಯುವವರು ‘ಕ್ರಿಸ್ಪ್’ ಎಂದು ಸ್ಪಷ್ಟವಾಗಿ ಬರೆಯಲಿ, ಮಾಡಿಕೊಡುತ್ತೇವೆ. ದಿನನಿತ್ಯದ ಬರಹಕ್ಕೆ ನಮ್ಮ ಮತ ಕರ್ಸಿವ್‌ಗೆ. ಬಲಗೈಯವರು ಪೆನ್ನನ್ನು ಭುಜದ ಕಡೆಗೆ ಒರಗಿಸಿ ಹಿಡಿದರೆ ತಲಕಟ್ಟಿನ ಬಲಮೇಲಕ್ಕೆ ಏರುವ ಕೊಂಡಿ ಕೂದಲೆಳೆಯಷ್ಟು ತೆಳುವಾಗಿ ಬರುತ್ತದೆ. ಆ ಅಂದ ಕರ್ಸಿವ್‌ನಲ್ಲೂ ಉಳಿಯುತ್ತದೆ.

ಅಗಲದ ಆಸೆ ಮಿತಿಯಲ್ಲಿರಲಿ. 8 ಮಿ.ಮೀ. ಸಾಲಿನ ನೋಟ್‌ಬುಕ್ಕಿನಲ್ಲಿ 1.1 ಮಿ.ಮೀ. ನಿಬ್ಬಿನಿಂದ ‘ರಾಷ್ಟ್ರ’ ಬರೆದು ನೋಡಿ: ಒತ್ತಕ್ಷರಗಳು ಒಂದರೊಳಗೊಂದು ಕಲಸಿಹೋಗುತ್ತವೆ, ಬೇರೆ ಪದಗಳ ಸೊನ್ನೆಯಂತೂ ಚುಕ್ಕೆಯಾಗುತ್ತದೆ. ಕನ್ನಡಕ್ಕೆ 0.6ರಿಂದ 0.8 ಮಿ.ಮೀ. ಸಾಕು, ಅದಕ್ಕೆ ಮೀಡಿಯಂ ಅಥವಾ ಬ್ರಾಡ್ ನಿಬ್ಬು ಬೇಕು. ಫೈನ್ ನಿಬ್ಬನ್ನು ಇಟಾಲಿಕ್‌ಗೆ ತೆಗೆದುಕೊಳ್ಳುವುದಿಲ್ಲ. ಮಸೆದ ಮೇಲೆ ಅಡ್ಡಗೆರೆಗೂ ಉದ್ದಗೆರೆಗೂ ಕಣ್ಣಿಗೆ ಕಾಣುವ ಅಂತರವೇ ಇರುವುದಿಲ್ಲ. 1.1 ಎಂದು ಸಿಗುವ ಬಹುತೇಕ ಉಕ್ಕಿನ ಸ್ಟಬ್ ನಿಬ್ಬುಗಳಿಗೆ ತುದಿಗುಂಡು ಇರುವುದಿಲ್ಲ. ಅವನ್ನು ಮಸೆಯಬಹುದು, ಆದರೆ ಬೇಗ ಸವೆಯುತ್ತವೆ.

ಕೈಬರಹದ ಅರ್ಧ ಪುಟವನ್ನು ನೀವು ದಿನಾ ಬಳಸುವ ಕಾಗದದಲ್ಲೇ, ದಿನಾ ಬಳಸುವ ಶಾಯಿಯಲ್ಲೇ ಬರೆದು, ಶಾಯಿಯ ಹೆಸರು ಹಾಕಿ. ಹೀರುವ ಕಾಗದವಾದರೆ ತೆಳುಗೆರೆ ಹರಡಿ ಇಟಾಲಿಕ್‌ನ ಗುಣವೇ ಕಾಣದು. ಅಂಥವರಿಗೆ ಹರಿವು ಕಡಿಮೆ ಇಟ್ಟು ಹೊಂದಿಸುತ್ತೇವೆ. ಪೆನ್ನನ್ನು ತಣ್ಣೀರಿನಲ್ಲಿ ತೊಳೆದು, ಒಣಗಿಸಿ, ಶಾಯಿಯಿಲ್ಲದೆ ಕಳಿಸಿ. ಬಿಸಿನೀರು ಬೇಡ, ಎಬೊನೈಟ್ (ಗಟ್ಟಿ ರಬ್ಬರ್) ಪೆನ್ನಿನ ಬಣ್ಣ ಕೆಡುತ್ತದೆ.

ಈಗಾಗಲೇ ನಮ್ಮಲ್ಲಿರುವ ಓಬ್ಲಿಕ್ ಆರ್ಡರುಗಳಿಗೂ ಫೋಟೊ ಕೇಳಿ ಸಂದೇಶ ಕಳಿಸುತ್ತಿದ್ದೇವೆ. ಅದು ಬರುವವರೆಗೆ ನಿಮ್ಮ ನಿಬ್ಬನ್ನು ಮಸೆಯುವುದಿಲ್ಲ. ಬೇಡವೆನಿಸಿದರೆ ಹಾಗೆಯೇ ವಾಪಸು ಕಳಿಸುತ್ತೇವೆ, ಮಸೆತದ ಹಣ ತೆಗೆದುಕೊಳ್ಳುವುದಿಲ್ಲ.

ಇಂತಿ,
ನಿಬ್ ಮಸೆತ ವಿಭಾಗ