ಹೆತ್ತ ತಾಯಿಯ ಹೆಸರಿಗೂ ಒಂದು ರಿಜಿಸ್ಟರ್ ಬೇಕು

ಮಾನ್ಯ ಸಂಪಾದಕರೇ,

ವಿದೇಶಕ್ಕೆ ದತ್ತು ಹೋದವರು ದೊಡ್ಡವರಾದ ಮೇಲೆ ಹೆತ್ತ ತಾಯಿಯನ್ನು ಹುಡುಕಿಕೊಂಡು ಕರ್ನಾಟಕಕ್ಕೆ ಬರುವ ಸುದ್ದಿಗಳನ್ನು ಆಗಾಗ ಓದುತ್ತೇವೆ. ಅವುಗಳಲ್ಲಿ ತಾಯಿಯ ಮಾತು ಕೇಳಿಸುವುದು ಅಪರೂಪ. ದತ್ತು ಕೇಂದ್ರವೊಂದರಲ್ಲಿ ಬಹುಕಾಲ ದುಡಿದ ನನಗೆ, ಇಂಥ ಸುದ್ದಿ ಓದಿದಾಗಲೆಲ್ಲ ಇಂಗ್ಲೆಂಡಿನ ‘ನಾರ್ಕ್ಯಾಪ್’ ಎಂಬ ಸೇವಾಸಂಸ್ಥೆ ನೆನಪಾಗುತ್ತದೆ.

ಇಂಗ್ಲೆಂಡಿನಲ್ಲಿ ದತ್ತು ಕಾಯ್ದೆ ಬಂದದ್ದು 1926ರಲ್ಲಿ. ಹೆತ್ತವಳ ಹೆಸರು ಎಂದೂ ಹೊರಬೀಳದೆಂಬ ನಂಬಿಕೆಯ ಮೇಲೆಯೇ ಅಲ್ಲಿ ದಶಕಗಳ ಕಾಲ ದತ್ತು ನಡೆಯಿತು. 1949ರಿಂದ 1976ರ ನಡುವೆ ಮದುವೆಯಾಗದ ತಾಯಂದಿರ ಸುಮಾರು 1,85,000 ಮಕ್ಕಳು ಹೀಗೆ ದತ್ತು ಹೋದವೆಂದು ಅಲ್ಲಿನ ಸಂಸದೀಯ ಸಮಿತಿಯೇ 2022ರಲ್ಲಿ ಹೇಳಿದೆ. 1975ರ ಕಾಯ್ದೆ, ಹದಿನೆಂಟು ತುಂಬಿದ ದತ್ತುಮಕ್ಕಳಿಗೆ ತಮ್ಮ ಮೂಲ ಜನನ ದಾಖಲೆ ನೋಡುವ ಹಕ್ಕು ಕೊಟ್ಟಿತು. ಅದಕ್ಕೆ ಮೊದಲು ದತ್ತು ಹೋದವರು ಆಪ್ತ ಸಮಾಲೋಚಕರನ್ನು ಕಂಡ ನಂತರವೇ ದಾಖಲೆ ಪಡೆಯಬೇಕಿತ್ತು. ಆದರೆ ಮಗು ಬದುಕಿದೆಯೇ ಎಂದು ಕೇಳಲು ತಾಯಿಗೆ ಕಾನೂನಿನಲ್ಲಿ ದಾರಿಯಿರಲಿಲ್ಲ.

1982ರಲ್ಲಿ ಹುಟ್ಟಿದ ನಾರ್ಕ್ಯಾಪ್ ತನ್ನ ರಿಜಿಸ್ಟರ್‌ನಲ್ಲಿ ಮಕ್ಕಳ ಹೆಸರಿನಂತೆ ಹೆತ್ತವರ ಹೆಸರನ್ನೂ ಬರೆದುಕೊಂಡಿತು. ಎರಡೂ ಕಡೆಯ ವಿವರ ತಾಳೆಯಾದರೆ ಭೇಟಿಗೆ ದಾರಿ ಮಾಡಿಕೊಡುತ್ತಿತ್ತು. ಸರ್ಕಾರದ್ದೇ ರಿಜಿಸ್ಟರ್ ಬಂದದ್ದು 1991ರಲ್ಲಿ. ಮಧ್ಯವರ್ತಿ ಸಂಸ್ಥೆಯ ಮೂಲಕ ಮಗುವನ್ನು ವಿಚಾರಿಸುವ ಅವಕಾಶ ಹೆತ್ತವರಿಗೆ ಸಿಕ್ಕಿದ್ದು 2005ರ ಕೊನೆಯಲ್ಲಿ. ನಾರ್ಕ್ಯಾಪ್ 2013ರಲ್ಲಿ ಮುಚ್ಚಿತಾದರೂ ಅದು ಹಾಕಿಕೊಟ್ಟ ದಾರಿ ಉಳಿದಿದೆ.

ನಮ್ಮ ದತ್ತು ನಿಯಮಾವಳಿಯಲ್ಲಿ ಮಗುವಿಗೆ ಮೂಲ ಹುಡುಕುವ ಹಕ್ಕಿದೆ, ತಾಯಿಯ ಖಾಸಗಿತನಕ್ಕೆ ರಕ್ಷಣೆಯಿದೆ. ಮೂರನೆಯವರು ಹುಡುಕುವಂತಿಲ್ಲ ಎಂಬ ನಿರ್ಬಂಧವೂ ಸರಿಯಾದುದೇ. ಆದರೆ ‘ನನ್ನ ಮಗು ಬಂದರೆ ತಿಳಿಸಿ’ ಎಂದಾಗಲಿ, ‘ದಯವಿಟ್ಟು ನನ್ನನ್ನು ಹುಡುಕಬೇಡಿ’ ಎಂದಾಗಲಿ ತಾಯಿ ಮುಂದೊಂದು ದಿನ ಬಂದು ಬರೆಸಿಡಲು ಪುಸ್ತಕವಿಲ್ಲ.

ಒಮ್ಮೆ ಯುರೋಪಿನಿಂದ ಬಂದ ಯುವತಿಯೊಬ್ಬಳ ಕಡತ ತೆಗೆದಿದ್ದೆ. ಮಗುವನ್ನು ಒಪ್ಪಿಸಿದ ಪತ್ರದ ಕೆಳಗೆ ಮಸುಕಾದ ಹೆಬ್ಬೆಟ್ಟಿನ ಗುರುತು. ಆಕೆ ಅದರ ಮೇಲೆ ತನ್ನ ಹೆಬ್ಬೆರಳಿಟ್ಟು ಬಹಳ ಹೊತ್ತು ಕುಳಿತಿದ್ದಳು. ತಾಯಿಯ ಊರಿಗೆ ನಾನೊಬ್ಬಳೇ ಹೋದೆ. ಮನೆ ತುಂಬ ಜನ. ಅಂಗನವಾಡಿ ಕೆಲಸವೆಂದು ಹೇಳಿ, ಆಕೆಯೊಬ್ಬಳಿಗೇ ಕೇಳುವಂತೆ ಕೇಂದ್ರದ ಹೆಸರು ಹೇಳಿ ಹೊರಟೆ. ಬಸ್ ನಿಲ್ದಾಣದವರೆಗೆ ಹಿಂದೆಯೇ ಬಂದ ಆ ಹೆಂಗಸು, ‘ಕೂದಲು ಇನ್ನೂ ಗುಂಗುರೇ ಐತೇನಕ್ಕಾ?’ ಎಂದು ಕೇಳಿದಳು. ಇಪ್ಪತ್ತಾರು ವರ್ಷ ಆ ಪ್ರಶ್ನೆಯನ್ನು ಯಾರ ಬಳಿ ಕೇಳಬೇಕೆಂದು ಆಕೆಗೆ ಗೊತ್ತಿರಲಿಲ್ಲ.

ಪ್ರತಿ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕದಲ್ಲಿ ಇಂಥದೊಂದು ಗೋಪ್ಯ ರಿಜಿಸ್ಟರನ್ನೂ, ಅದನ್ನು ನೋಡಿಕೊಳ್ಳಲು ತರಬೇತಿ ಪಡೆದ ಒಬ್ಬ ಆಪ್ತ ಸಮಾಲೋಚಕಿಯನ್ನೂ ಇರಿಸುವಂತೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯನ್ನು ಕೋರುತ್ತೇನೆ. ಓದು ಬರಹ ಬಾರದ ತಾಯಿಯೂ ಬಂದು ಹೇಳಿ ಬರೆಸುವಂತಿರಲಿ.

— ನಿವೃತ್ತ ಸಮಾಜ ಕಾರ್ಯಕರ್ತೆ, ಮೈಸೂರು