ಒಬ್ಬರೇ ಹೋಗುವುದಾದರೆ ಒಬ್ಬರ ದೋಣಿಯೇ ಬೇಕು

ಮಾನ್ಯ ಸಂಪಾದಕರೇ,

ಮಳೆ ಹಿಂದೆ ಸರಿದು ಹೊಳೆ ತಿಳಿಯಾಗುವ ಹೊತ್ತಿಗೆ ಮಲೆನಾಡಿನಲ್ಲಿ ದೋಣಿ ಕೊಳ್ಳುವ ಮಾತು ಶುರುವಾಗುತ್ತದೆ. ಶರಾವತಿ ಹಿನ್ನೀರಿನ ಅಂಚಿನ ಹೋಂಸ್ಟೇಯವರು, ತುಂಗೆಯ ದಂಡೆಯಲ್ಲಿ ತೋಟ ಇರುವವರು, ರಜೆಗೆ ಊರಿಗೆ ಬರುವ ಹುಡುಗರು ಕೆನೋ, ಅಂದರೆ ಮೇಲ್ಭಾಗ ತೆರೆದ, ಹುಟ್ಟು ಹಾಕಿ ನಡೆಸುವ ಕಿರಿದಾದ ದೋಣಿ ಎಲ್ಲಿ ಸಿಗುತ್ತದೆಂದು ವಿಚಾರಿಸುತ್ತಾರೆ. ಹಿನ್ನೀರಿನ ಜಲಸಾಹಸದ ತಾಣ ಹೊನ್ನೇಮರಡುವಿನಲ್ಲಿ ಒಮ್ಮೆ ಹುಟ್ಟು ಹಿಡಿದವರಿಗೆ ಈ ಆಸೆ ಬರುವುದು ಸಹಜ. ಆದರೆ ಮಾರುವವರ ಬಳಿ ಹೆಚ್ಚಾಗಿ ಇರುವುದು ಇಬ್ಬರು ಕೂರುವ 16 ಅಡಿಯ ದೋಣಿ. ‘ಇಬ್ಬರದ್ದು ಒಬ್ಬರಿಗೆ ಆಗದೆ ಏನು’ ಎಂದು ಅದನ್ನೇ ತರುತ್ತಾರೆ. ಅದು ಆಗುವುದಿಲ್ಲ. ಏಕೆ ಆಗುವುದಿಲ್ಲ, ಒಬ್ಬರ ದೋಣಿ ಹೇಗಿರಬೇಕು ಎಂಬುದನ್ನು ಅಳತೆ ಸಹಿತ ತಿಳಿಸಲು ಈ ಪತ್ರ.

ಇಬ್ಬರ ದೋಣಿಯಲ್ಲಿ ಒಬ್ಬರು ಹಿಂದಿನ ಸೀಟಿನಲ್ಲಿ ಕೂತರೆ ಮೂತಿ ನೀರಿನಿಂದ ಮೇಲೇಳುತ್ತದೆ. ಎದ್ದ ಮೂತಿ ಗಾಳಿಗೆ ಹಾಯಿ ಕಟ್ಟಿದಂತೆ. ಬೆಳಿಗ್ಗೆ ಕನ್ನಡಿಯಂತಿದ್ದ ಲಿಂಗನಮಕ್ಕಿ ಹಿನ್ನೀರಿನಲ್ಲಿ ಮಧ್ಯಾಹ್ನ ಗಾಳಿ ಎದ್ದರೆ ಮೂತಿ ಗಾಳಿ ತಳ್ಳಿದ ಕಡೆಗೇ ತಿರುಗುತ್ತದೆ. ಎಷ್ಟು ಹುಟ್ಟು ಹಾಕಿದರೂ ಹಿಂದೆ ಕೂತವರಿಗೆ ಅದನ್ನು ಮರಳಿ ತರಲು ಆಗದು. ಈಗಾಗಲೇ ಅಂಥ ದೋಣಿ ಕೊಂಡಿದ್ದರೆ ಒಂದು ಉಪಾಯವಿದೆ. ದೋಣಿಯನ್ನು ಹಿಂದುಮುಂದು ಮಾಡಿ, ಮುಂದಿನ ಸೀಟಿನಲ್ಲಿ ಹಿಂಬದಿಗೆ ಮುಖ ಮಾಡಿ ಕೂರಬೇಕು. ಆ ಸೀಟು ಮಧ್ಯಕ್ಕೆ ಹತ್ತಿರ ಇರುತ್ತದೆ. ಈಗ ಮೂತಿಯಾದ ತುದಿಯಲ್ಲಿ 20 ಲೀಟರಿನ ಎರಡು ಕ್ಯಾನಿಗೆ ನೀರು ತುಂಬಿ ಕಟ್ಟಿದರೆ 40 ಕೆ.ಜಿ. ಭಾರ ಬಿದ್ದು ದೋಣಿ ಸಮನಾಗುತ್ತದೆ. ಕ್ಯಾನ್ ಕಟ್ಟದೆ ಇಟ್ಟರೆ ದೋಣಿ ವಾಲಿದ ಕಡೆಗೇ ಜಾರಿ ಮಗುಚಲು ನೆರವಾಗುತ್ತದೆ. ಏನೇ ಆದರೂ ಇದು ಕೈಲಾದ ಮಟ್ಟಿನ ತೇಪೆ ಅಷ್ಟೇ.

ಒಬ್ಬರಿಗೆಂದೇ ಮಾಡಿದ ದೋಣಿಯ ಉದ್ದ 14 ಅಡಿಯ ಆಸುಪಾಸು. ಒಂದು ದಿನದ ಸುತ್ತಾಟಕ್ಕೆ ಇಷ್ಟು ಸಾಕು. ಗುಡಾರ, ಅಡುಗೆ ಸಾಮಾನು ಹೊತ್ತು ಎರಡು ಮೂರು ದಿನ ಹೋಗುವವರಿಗೆ 15 ಅಡಿ. ನೀರಿನ ಮಟ್ಟದಲ್ಲಿ ಅಗಲ 27ರಿಂದ 29 ಇಂಚು, ಮಧ್ಯದಲ್ಲಿ ಆಳ 11ರಿಂದ 12 ಇಂಚು. ಅಗಲ ಇದಕ್ಕಿಂತ ಹೆಚ್ಚಾದರೆ ಮಂಡಿಯೂರಿ ಕೂತವರ ಕೈ ಅಂಚು ದಾಟಿ ನೀರಿಗೆ ನೇರವಾಗಿ ಇಳಿಯುವುದಿಲ್ಲ, ಹುಟ್ಟು ಓರೆಯಾಗಿ ದೋಣಿ ಸುತ್ತತೊಡಗುತ್ತದೆ. ತಳ ಪೂರ್ತಿ ಚಪ್ಪಟೆ ಇರಬಾರದು. ಅಂಗಡಿಯಲ್ಲಿ ಹತ್ತಿ ನಿಂತು ನೋಡಿದಾಗ ಚಪ್ಪಟೆ ತಳ ಅಲುಗದೆ ನಿಲ್ಲುತ್ತದೆ, ಕೊಳ್ಳುವವರು ಮರುಳಾಗುವುದೂ ಅಲ್ಲಿಯೇ. ಆದರೆ ಅಲೆ ಬಂದಾಗ ಅದು ಅಲೆಯ ಇಳಿಜಾರಿಗೆ ತಕ್ಕಂತೆ ವಾಲಿ, ಒಂದು ಮಿತಿ ದಾಟಿದೊಡನೆ ಸೂಚನೆ ಕೊಡದೆ ಮಗುಚುತ್ತದೆ. ತುಸು ಉಬ್ಬಿದ ತಳ ಮೊದಲಿಗೆ ತೊನೆದಾಡಿದರೂ ವಾಲಿದಷ್ಟೂ ಬಿಗಿಯಾಗಿ ಹಿಡಿದುಕೊಳ್ಳುತ್ತದೆ.

ಎರಡೂ ತುದಿ ತೊಟ್ಟಿಲಿನಂತೆ ಮೇಲೆದ್ದಿರುವ ಬಾಗಿಗೆ ರಾಕರ್ ಎನ್ನುತ್ತಾರೆ. ಹಿನ್ನೀರು, ಕೆರೆಗಳಿಗೆ ಒಂದು ಇಂಚು ಸಾಕು, ನೇರ ಓಡುತ್ತದೆ. ತೀರ್ಥಹಳ್ಳಿಯ ಬಂಡೆಗಳ ನಡುವೆ ತಿರುಗಿಸುತ್ತ ಇಳಿಯಬೇಕೆಂದರೆ ಎರಡು ಇಂಚಾದರೂ ಬೇಕು. ಎರಡಕ್ಕೂ ಒಂದೇ ದೋಣಿ ಇರಲಿ ಎನ್ನುವವರು ಒಂದೂವರೆ ಇಂಚಿನದ್ದನ್ನು ಆರಿಸಲಿ. ತಳದ ಹೊರಗೆ ಉದ್ದಕ್ಕೆ ದಿಂಡು ಇರುವ ದೋಣಿ ಹೊಳೆಗೆ ಬೇಡ. ಅಡ್ಡಕ್ಕೆ ಜಾರಿಸಬೇಕಾದಾಗ ಜಾರುವುದಿಲ್ಲ, ಬಂಡೆಗೆ ಮೊದಲು ತಗಲುವುದೂ ಅದೇ.

ನಮ್ಮಲ್ಲಿ ದೋಣಿಯ ತೂಕ ದೊಡ್ಡ ಪ್ರಶ್ನೆ. ಲಿಂಗನಮಕ್ಕಿಯ ಪೂರ್ಣ ಮಟ್ಟ ಸಮುದ್ರ ಮಟ್ಟದಿಂದ 1,819 ಅಡಿ. ಬೇಸಿಗೆಯಲ್ಲಿ ನೀರು ಎಷ್ಟು ಕೆಳಗೆ ಹೋಗುತ್ತದೆಂದರೆ ಮುಳುಗಡೆಯಾದ ಹಳೆಯ ಹಿರೇಭಾಸ್ಕರ ಅಣೆಕಟ್ಟೆಯೇ ಮೇಲೆ ಕಾಣಿಸಿಕೊಳ್ಳುವುದುಂಟು. ಆಗ ರಸ್ತೆಯಿಂದ ನೀರಿನವರೆಗೆ ಕೆಸರು, ಮರದ ಬೊಡ್ಡೆಗಳನ್ನು ದಾಟಿ ದೋಣಿಯನ್ನು ಒಬ್ಬರೇ ಹೊರಬೇಕು. ಪಾಲಿಥಿಲೀನ್ ದೋಣಿ ಬಂಡೆಗೆ ಉಜ್ಜಿದರೂ ತಡೆಯುತ್ತದೆ, ಆದರೆ 30 ಕೆ.ಜಿ. ಹತ್ತಿರ ತೂಗುತ್ತದೆ, ಸೀಳಿದರೆ ಸಾಮಾನ್ಯ ಅಂಟು ಅದಕ್ಕೆ ಹಿಡಿಯುವುದೂ ಇಲ್ಲ. ಕೆವ್ಲರ್ ಎಂಬ ಹಗುರವಾದ ಗಟ್ಟಿ ನಾರಿನ ದೋಣಿ 20 ಕೆ.ಜಿ.ಯೊಳಗೆ ಬರುತ್ತದೆ, ಬೆಲೆ ವಿಪರೀತ. ಹಳೆಯ ಬರಹ ಓದಿದವರು ರಾಯಲೆಕ್ಸ್ ಎಂಬ ಪದರದ ಪ್ಲಾಸ್ಟಿಕ್ ಹಾಳೆಯ ದೋಣಿ ಹುಡುಕುತ್ತಾರೆ. ಆ ಹಾಳೆಯ ತಯಾರಿಕೆ 2014ರಲ್ಲೇ ನಿಂತಿದೆ, ಅದರ ಜಾಗಕ್ಕೆ ಟಿ-ಫಾರ್ಮೆಕ್ಸ್ ಎಂಬ ಅಂಥದ್ದೇ ಹಾಳೆ ಬಂದಿದೆ. ನಮ್ಮ ಕಡೆಗೆ ಫೈಬರ್ ಗ್ಲಾಸ್ ಒಳ್ಳೆಯದೆಂದು ನನ್ನ ಖಚಿತ ಅಭಿಪ್ರಾಯ. ಬಂಡೆ ತಾಗಿ ಬಿರುಕು ಬಿಟ್ಟರೆ ರೆಸಿನ್ (ಗಟ್ಟಿಯಾಗುವ ಅಂಟು) ಮತ್ತು ಮ್ಯಾಟ್ (ಗಾಜಿನ ನಾರಿನ ಹಾಸು) ಹಾಕಿ ಮನೆಯಂಗಳದಲ್ಲೇ ಸರಿಪಡಿಸಬಹುದು. ಬಿರುಕಿನ ಸುತ್ತ ಎರಡು ಇಂಚು ಉಜ್ಜಿ, ಪೂರ್ತಿ ಒಣಗಿಸಿದ ಮೇಲೆಯೇ ರೆಸಿನ್ ಹಚ್ಚಬೇಕು. ತೇವದ ಮೇಲೆ ಹಚ್ಚಿದ್ದು ಮುಂದಿನ ಮಳೆಗಾಲದೊಳಗೆ ಎದ್ದು ಬರುತ್ತದೆ.

ಸೀಟನ್ನು ಮಧ್ಯಕ್ಕಿಂತ ತುಸು ಹಿಂದೆ ಕೂರಿಸಬೇಕು. ಮುಂದಿನ ಅಂಚು ದೋಣಿಯ ಉದ್ದದ ನಟ್ಟನಡುವಿನಿಂದ ಸುಮಾರು 6 ಇಂಚು ಹಿಂದಿರಲಿ. ಕೂತಾಗ ದೋಣಿ ಸಮವಾಗಿರಬೇಕು, ಅಥವಾ ಹಿಂಬದಿ ಕೂದಲೆಳೆಯಷ್ಟು ತಗ್ಗಿರಬೇಕು. ಮಂಡಿಯೂರಿ ಸೀಟಿಗೆ ಒರಗುವುದೇ ಸ್ಥಿರವಾದ ಭಂಗಿ, ಹಾಗಾಗಿ ಮುಂದಿನ ಅಂಚು ಹಿಂದಿನದಕ್ಕಿಂತ ಮುಕ್ಕಾಲು ಇಂಚು ಕೆಳಗಿರಲಿ. ತಳದಿಂದ ಸೀಟಿಗೆ 10 ಇಂಚು ಇದ್ದು, ಕಾಲು ಸಲೀಸಾಗಿ ಹೊರಬರುತ್ತದೆಯೇ ಎಂದು ದಡದಲ್ಲೇ ಹತ್ತು ಸಲ ನೋಡಬೇಕು. ಮಗುಚಿದ ದೋಣಿಯ ಸೀಟಿನಡಿ ಪಾದ ಸಿಕ್ಕಿಕೊಳ್ಳುವುದಕ್ಕಿಂತ ಅಪಾಯ ಬೇರಿಲ್ಲ. ಗಂಬೂಟು ಹಾಕಿಕೊಂಡು ದೋಣಿ ಹತ್ತಬಾರದೆನ್ನುವುದೂ ಅದಕ್ಕೇ. ಬೆತ್ತದ ನೇಯ್ಗೆಯ ಸೀಟು ನೀರು ಹಿಡಿಯದೆ ತಂಪಾಗಿರುತ್ತದೆ, ಮೇದಾರರಿಂದ ನೇಯಿಸಿಕೊಳ್ಳಬಹುದು. ಬೋಲ್ಟ್ ಕಾಲಿಂಚಿನ ಸ್ಟೇನ್‌ಲೆಸ್ ಸ್ಟೀಲಿನದೇ ಆಗಬೇಕು. ಮಾಮೂಲಿ ಕಬ್ಬಿಣದ್ದು ನಮ್ಮ ಥಂಡಿಗೆ ತುಕ್ಕು ಹಿಡಿದು ಭಾರ ಬಿದ್ದಾಗ ಮುರಿಯುತ್ತದೆ.

ಇನ್ನು ಎಲ್ಲಕ್ಕಿಂತ ಮುಖ್ಯವಾದುದು, ಎಲ್ಲರೂ ಬಿಡುವುದು: ತೇಲುವ ಚೀಲ. ಈ ಗಾತ್ರದ ದೋಣಿ ತುಂಬಿದರೆ ಒಳಗೆ 300 ಲೀಟರಿಗೂ ಮಿಕ್ಕಿ ನೀರು, ಅಂದರೆ 300 ಕೆ.ಜಿ.ಗೂ ಮಿಕ್ಕಿ ಭಾರ. ಹಿನ್ನೀರಿನ ನಡುವೆ ಒಬ್ಬರಿಗೆ ಅದನ್ನು ಬರಿದು ಮಾಡಲಾಗದು. ಹೊಳೆಯಲ್ಲಾದರೆ ಸೆಳವು ಅದನ್ನು ಬಂಡೆಗೆ ಒತ್ತಿ ಮಡಚಿಬಿಡುತ್ತದೆ. ದೋಣಿಯ ಎರಡೂ ತುದಿಯಲ್ಲಿ ಗಾಳಿ ತುಂಬಿದ ಚೀಲ ಇದ್ದರೆ ಆ ಜಾಗಕ್ಕೆ ನೀರು ಬರುವುದಿಲ್ಲ, ದೋಣಿ ಎತ್ತರದಲ್ಲಿ ತೇಲುತ್ತದೆ. ಚೀಲ ಸಿಗದಿದ್ದರೆ ಲಾರಿ ಟ್ಯೂಬ್ ಆದೀತು, ವಾಲ್ವ್‌ಗೆ ದಪ್ಪ ಬಟ್ಟೆ ಸುತ್ತಿ ಮೇಲ್ಮುಖವಾಗಿಡಬೇಕು. ಆದರೆ ಬರೀ ತುರುಕಿಟ್ಟರೆ ಪ್ರಯೋಜನವಿಲ್ಲ, ಮಗುಚಿದೊಡನೆ ಚಿಮ್ಮಿ ಹೊರಬಂದು ತೇಲಿಹೋಗುತ್ತದೆ. ಅಂಚುಪಟ್ಟಿಯ ಕೆಳಗೆ 4 ಇಂಚಿಗೊಂದು ತೂತು ಕೊರೆದು, 4 ಮಿ.ಮೀ. ನೈಲಾನ್ ಹಗ್ಗವನ್ನು ಈ ಕಡೆಯಿಂದ ಆ ಕಡೆಗೆ ಓರೆಯಾಗಿ ಹೆಣೆಯಬೇಕು. ಜೊತೆಗೆ ತುದಿಯಿಂದ, ತಳಕ್ಕೆ ಕೂರಿಸಿದ ಬಳೆಯವರೆಗೆ ಉದ್ದಕ್ಕೊಂದು ಪಟ್ಟಿ ಬಿಗಿಯಬೇಕು. ಬಿಸಿಲಿಗೆ ಗಾಳಿ ಹಿಗ್ಗಿ ಹೊಲಿಗೆ ಬಿಡುವುದರಿಂದ ದಡದಲ್ಲಿ ಬೆರಳೊತ್ತಿದರೆ ತಗ್ಗುವಷ್ಟು ಸಡಿಲ ಇರಲಿ, ನೀರಿಗಿಳಿದ ಮೇಲೆ ಇನ್ನಷ್ಟು ಊದಿಕೊಂಡರಾಯಿತು.

ಮೂತಿಗೂ ಹಿಂಬದಿಗೂ ತಲಾ 15 ಅಡಿಯ ತೇಲುವ ಹಗ್ಗ ಕಟ್ಟಿ, ಸುತ್ತಿ, ರಬ್ಬರಿನಡಿ ಸಿಕ್ಕಿಸಿಡಬೇಕು. ತುದಿಯಲ್ಲಿ ಗಂಟಾಗಲಿ ಕುಣಿಕೆಯಾಗಲಿ ಬೇಡ, ಕಲ್ಲಿನ ಸಂದಿಯಲ್ಲಿ ಸಿಕ್ಕುತ್ತದೆ. ಮಗುಚಿದಾಗ ಗಾಳಿ ದೋಣಿಯನ್ನು ಈಜುವವರಿಗಿಂತ ಬೇಗ ಒಯ್ಯುತ್ತದೆ, ಹಿಡಿಯಲು ಇರುವುದು ಈ ಹಗ್ಗ ಮಾತ್ರ. ಅದನ್ನು ಮೈಗೆ ಕಟ್ಟಿಕೊಳ್ಳಬಾರದು. ಹೊಳೆಯಲ್ಲಿ ಯಾವಾಗಲೂ ದೋಣಿಯ ಮೇಲುಗಡೆ, ಅಂದರೆ ನೀರು ಬರುವ ದಿಕ್ಕಿನಲ್ಲಿರಬೇಕು. ಕೆಳಗಿದ್ದರೆ ದೋಣಿಗೂ ಬಂಡೆಗೂ ನಡುವೆ ಸಿಕ್ಕಿಬೀಳುತ್ತೀರಿ.

ಹುಟ್ಟಿನ ಅಳತೆಗೆ ಬೆಂಚಿನ ಮೇಲೆ ನೆಟ್ಟಗೆ ಕೂತು, ಹುಟ್ಟನ್ನು ತಲೆಕೆಳಗು ಮಾಡಿ ಹಿಡಿಯನ್ನು ಬೆಂಚಿಗೆ ಊರಬೇಕು. ಕೋಲು ಮುಗಿದು ಹಲಗೆ ಶುರುವಾಗುವ ಜಾಗ ಮೂಗಿನ ಮಟ್ಟಕ್ಕೆ ಬಂದರೆ ಸರಿ. ಒಂದೇ ಬದಿಗೆ ಹುಟ್ಟು ಹಾಕುತ್ತ ನೇರ ಹೋಗಲು ಪ್ರತಿ ಎಳೆತದ ಕೊನೆಯಲ್ಲಿ ಹೆಬ್ಬೆರಳು ಕೆಳಮುಖವಾಗುವಂತೆ ಹಿಡಿ ತಿರುಗಿಸಿ, ಹಲಗೆಯನ್ನು ತುಸು ಹೊರಕ್ಕೆ ತಳ್ಳುವುದನ್ನು ಕಲಿಯಬೇಕು. ಇನ್ನೊಂದು ಹುಟ್ಟು ದೋಣಿಯಲ್ಲಿ ಕೈಗೆ ಸಿಗುವಂತೆ ಇರಲೇಬೇಕು. ಲೈಫ್ ಜಾಕೆಟ್ ಹಾಕಿ ಪಟ್ಟಿ ಬಿಗಿದ ಮೇಲೆ ಯಾರಾದರೂ ಹೆಗಲ ಪಟ್ಟಿ ಹಿಡಿದು ಎತ್ತಲಿ, ಕಿವಿಯವರೆಗೆ ಜಾರಿದರೆ ಆ ಅಳತೆ ನಿಮ್ಮದಲ್ಲ.

ಕಿಂಡಿ ಅಣೆಕಟ್ಟುಗಳ ವಿಷಯ ಬೇರೆಯಾಗಿಯೇ ಹೇಳಬೇಕು. ಅವುಗಳ ಮೇಲೆ ನೀರು ಹರಿಯುವಾಗ ಮೇಲಿನಿಂದ ನೋಡುವವರಿಗೆ ಒಂದು ನಯವಾದ ಗೆರೆ ಮಾತ್ರ ಕಾಣುತ್ತದೆ. ಕೆಳಗೆ ಬಿದ್ದ ನೀರು ಮೇಲೆದ್ದು ಮತ್ತೆ ಗೋಡೆಯ ಕಡೆಗೇ ಹೊರಳುತ್ತದೆ, ಸಿಕ್ಕಿದ್ದನ್ನು ಅಲ್ಲೇ ಸುತ್ತಿಸುತ್ತದೆ. ನೊರೆ ತುಂಬಿದ ಆ ನೀರಿನಲ್ಲಿ ಜಾಕೆಟ್ ಕೂಡ ಎತ್ತಿ ಹಿಡಿಯಲಾರದು. ಬಹಳ ಮೊದಲೇ ದಡ ಸೇರಿ ದೋಣಿ ಹೊತ್ತು ದಾಟಿಸಬೇಕು. ತೋಟಗಳ ಕಡೆಯ ತಗ್ಗಿನ ಅಡಿಕೆ ಮರದ ಸಂಕ (ಕಾಲುಸೇತುವೆ), ಪಂಪ್‌ಸೆಟ್ಟಿನ ಪೈಪು, ಹಿನ್ನೀರಿನ ಮೀನುಬಲೆ, ನೀರಿನಡಿಯ ಬೊಡ್ಡೆ ಇವೂ ಗಮನದಲ್ಲಿರಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಳೆಗಿಳಿಯುವ ಮಾತೇ ಬೇಡ. ಅಣೆಕಟ್ಟೆಗಳ ಕೆಳಭಾಗದಲ್ಲಿ ಬೇಸಿಗೆಯಲ್ಲೂ ನೀರು ಬಿಟ್ಟರೆ ಮಟ್ಟ ಒಮ್ಮೆಲೇ ಏರುತ್ತದೆ. ಅಭಯಾರಣ್ಯದ ಅಂಚಿನ ಹಿನ್ನೀರಿಗೆ ಅರಣ್ಯ ಇಲಾಖೆಯ ಅನುಮತಿ ಪಡೆದೇ ಇಳಿಯಬೇಕು.

ಫೈಬರ್ ದೋಣಿ ಮಾಡುವ ನಮ್ಮ ಜಿಲ್ಲೆಯ ಹಾಗೂ ಕರಾವಳಿಯ ಕಾರ್ಖಾನೆಯವರು ಈ ಅಳತೆಯ ಒಂದು ಅಚ್ಚು ಮಾಡಬೇಕೆಂದು ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ. ಕೊಳ್ಳುವವರೂ ಹಣ ಕೊಡುವ ಮೊದಲು ಮಾರುವವರ ಎದುರಿಗೇ ಸೊಂಟದ ಆಳದ ನೀರಿನಲ್ಲಿ ದೋಣಿಯನ್ನು ಮಗುಚಿ, ತುಂಬಿಸಿ, ಅದರ ಅಂಚು ನೀರಿನಿಂದ ಎಷ್ಟು ಮೇಲಿದೆ ಎಂದು ನೋಡಲಿ. ಅಂಚು ಮುಳುಗಿದ್ದರೆ ಚೀಲ ಕಟ್ಟಿಸಿಕೊಂಡೇ ಮನೆಗೆ ತರಲಿ.

– ಒಬ್ಬ ಓದುಗ, ಸಾಗರ ತಾಲ್ಲೂಕು